ಮೂರು ಬೆಡಗಿನ ತಂಗಿ

“ಅದನ್ನ ಉಡಿಸಬ್ಯಾಡ್ರಿ, ಮಡಚಿ ಇಡ್ರಿ,” ಎಂದು ಸಾವಕ್ಕ ಅರ್ಧ ಸುತ್ತಿದ್ದ ಇಳಕಲ್ಲ ಸೀರೆಯ ಸೆರಗನ್ನು ಹಿಡಿದುಕೊಂಡಳು. ಶಿವಬಸವ್ವನ ದೇಹಕ್ಕೆ ಜಳಕ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿ ಸೀರೆ ಉಡಿಸುತ್ತಿದ್ದ ಓಣಿಯ ಹೆಂಗಸರು ಕೈ ಬಿಟ್ಟು ನಿಂತರು. ಸಾವಕ್ಕನ ಮಾತಿಗೆ ಎದುರಾಡುವ ರೂಢಿ ಆ ಓಣಿಯಲ್ಲಿ ಇರಲಿಲ್ಲ.

ಸಾವಕ್ಕ ಸತ್ತವಳ ಗಂಡ ಶಿದ್ದಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದ್ದಳು. ಅಂದಿನಿಂದ ಓಣಿಯ ರೀತಿ ರಿವಾಜುಗಳ ಮೇಲ್ವಿಚಾರಣೆಯೆಲ್ಲ ಯಾರೂ ಒಪ್ಪಿಸದೆಯೇ ಅವಳ ಪಾಲಿಗೆ ಬಂದಿತ್ತು. ಯಾರ ಬೆಡಗು, ಅಂದರೆ ವಂಶದ ಬಳ್ಳಿ, ಯಾವುದು ಎಂಬುದಂತೂ ಅವಳ ನಾಲಿಗೆಯ ತುದಿಯಲ್ಲಿ. ಬೆಡಗು ಒಂದೇ ಆದರೆ ಅವರು ಅಣ್ಣ ತಂಗಿ, ಹೆಣ್ಣು ಕೊಟ್ಟು ತರುವ ಹಾಗಿಲ್ಲ. ಆದ್ದರಿಂದ ಮದುವೆಯ ಮಾತು ಎತ್ತುವ ಮುಂಚೆ ಮಂದಿ ಸಾವಕ್ಕನನ್ನು ಕೇಳಿ ಹೋಗುತ್ತಿದ್ದರು. ಪಂಚಾಂಗದಲ್ಲಿ ತಪ್ಪಿದ್ದರೂ ಇದ್ದೀತು, ಸಾವಕ್ಕನ ನೆನಪಿನಲ್ಲಿ ಇರಲಿಕ್ಕಿಲ್ಲ ಎಂಬ ಮಾತೇ ಇತ್ತು.

ಈಗ ಅವಳು ಹಿಡಿದ ಹಟವೂ ತಪ್ಪೇನಲ್ಲ. ಮುತ್ತೈದೆ ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು. ಗಂಡನ ಮನೆಯ ಪೆಟ್ಟಿಗೆಯಲ್ಲಿ ಎಷ್ಟೇ ಸೀರೆಗಳಿರಲಿ, ಅಂದು ಅವನ್ನು ಮುಟ್ಟುವುದಿಲ್ಲ. ತವರಿನವರು ಬಂದು ಸೀರೆ ಕೊಟ್ಟು, ‘ಇನ್ನು ಎತ್ತರಿ’ ಎಂದ ಮೇಲೆಯೇ ಹೆಣ ಎತ್ತುವುದು. ಆದರೆ ಶಿವಬಸವ್ವನ ತವರು ಎಲ್ಲಿತ್ತು? ಅಣ್ಣಿಗೇರಿಯ ಆ ಮನೆಯಲ್ಲಿ ಪ್ಲೇಗು ಬಂದ ವರ್ಷ ಅವಳೊಬ್ಬಳು ಉಳಿದು ಮಿಕ್ಕವರೆಲ್ಲ ಹೋಗಿದ್ದರು. ದೂರದ ಒಬ್ಬ ಅಜ್ಜಿ ಸಾಕಿ, ಹುಬ್ಬಳ್ಳಿಯ ಶಿದ್ದಪ್ಪನಿಗೆ ಧಾರೆ ಎರೆಸಿ, ತಾನೂ ಕಣ್ಣು ಮುಚ್ಚಿದ್ದಳು.

ಶಿದ್ದಪ್ಪನಿಂದ ರೊಕ್ಕ ಇಸಕೊಂಡು ಯಾರಾದರೂ ಒಂದು ಸೀರೆ ತಂದು ತವರಿನದೆಂದು ಕೊಟ್ಟರಾಯಿತು ಎಂದು ಒಬ್ಬಳು ಸೂಚಿಸಿದಳು. ಸಾವಕ್ಕ ಅವಳ ಕಡೆ ನೋಡಲೂ ಇಲ್ಲ.

“ಇದು ಬರೇ ರಿವಾಜಿನ ಮಾತಲ್ಲ. ಹುಟ್ಟಿದ ಮನಿ ಸೀರಿ ಇಲ್ಲದ ಕಳಿಸಿದ್ರ, ಈಕಿಗೆ ಯಾರೂ ಇರಲಿಲ್ಲ ಅಂತ ನಾವ ಡಂಗುರ ಹೊಡಿಸಿದಂಗ.”

ಹೊರಗೆ ಕಟ್ಟೆಯ ಮೇಲೆ ಕುಳಿತ ಶಿದ್ದಪ್ಪನಿಗೆ ಈ ಮಾತು ಕೇಳಿಸಿತು. ನಿನ್ನೆ ದೀಪ ಹಚ್ಚುವ ಹೊತ್ತಿಗೆ, ಯಾಕೋ ಎದೆ ಭಾರವಾಯಿತು ಎಂದು ಕಂಬಕ್ಕೆ ಒರಗಿದ ಹೆಂಡತಿ ಮತ್ತೆ ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಪುಣ್ಯವಂತೆ ಎಂದು ಬಂದವರೆಲ್ಲ ಹೇಳುತ್ತಿದ್ದರು, ಅವನಿಗೂ ಅದು ಒಪ್ಪಿಗೆಯಾಗಿತ್ತು. ಆದರೆ ಸೀರೆಯ ಮಾತು ಬಂದದ್ದೇ ತಡ, ಅವನಿಗೆ ಹಳೆಯದೊಂದು ದಿನ ನೆನಪಾಯಿತು. ಮೂರ್ನಾಲ್ಕು ವರ್ಷದ ಹಿಂದೆ ಪಕ್ಕದ ಓಣಿಯಲ್ಲಿ ತವರಿಲ್ಲದ ಹೆಣ್ಣುಮಗಳೊಬ್ಬಳನ್ನು ಗಂಡನ ಮನೆಯ ಸೀರೆಯಲ್ಲೇ ಕಳಿಸಿದ್ದರು. ಅಲ್ಲಿಗೆ ಹೋಗಿ ಬಂದ ಶಿವಬಸವ್ವ ಅಂದು ರೊಟ್ಟಿ ಮುಟ್ಟಿರಲಿಲ್ಲ. ‘ನಂದೂ ಹಿಂಗ ಆಗತೈತಿ’ ಎಂದಷ್ಟೇ ಅಂದಿದ್ದಳು. ಅವನು ನಕ್ಕು, ನಿನಗಿಂತ ಮೊದಲು ನಾನೇ ಹೋಗತೇನಿ ತಗೋ ಎಂದು ಹಾರಿಸಿಬಿಟ್ಟಿದ್ದ. ಬಾಳಿನಲ್ಲಿ ಅವಳು ಹೆದರಿದ್ದು ಇದೊಂದಕ್ಕೇ. ಇದೊಂದನ್ನು ಹೇಗಾದರೂ ಮಾಡಿ ತಪ್ಪಿಸಬೇಕೆಂದು ಅವನಿಗೆ ಅನಿಸಿತು, ಆದರೆ ತವರನ್ನು ಎಲ್ಲಿಂದ ತರುವುದು?

ಆಗ ಗುಡ್ಡವ್ವ ಹೊರಗೆ ಬಂದಳು. ಆಚೆ ಮನೆಯ ಗುಡ್ಡವ್ವ ಶಿವಬಸವ್ವನ ಜೊತೆಗಾತಿ; ಬಾಜಾರಕ್ಕೆ ಹೋದರೆ ಇಬ್ಬರೂ ಕೂಡಿಯೇ ಹೋಗುತ್ತಿದ್ದರು. ಅವಳು ಒಳಗಿನವರಿಗೆ ಕೇಳದ ಹಾಗೆ ದನಿ ತಗ್ಗಿಸಿದಳು.

“ಬೈಲಿನ ಮುರಿಗೆಪ್ಪನವರ ಅಂಗಡಿಗೆ ಹೋಗಿ ಸುದ್ದಿ ಹೇಳ್ರಿ. ಅವರು ಈಕಿ ಬೆಡಗಿನವರು. ಅಣ್ಣಾ ಅಂತನ ಕರೀತಿದ್ಲು.”

ಮುರಿಗೆಪ್ಪ ದುರ್ಗದ ಬೈಲಿನ ದೊಡ್ಡ ಅರಿವೆ ಅಂಗಡಿಯವನು. ತನ್ನ ಹೆಂಡತಿಯ ಬೆಡಗೂ ಅವನ ಬೆಡಗೂ ಒಂದೇ ಎಂಬುದು ಶಿದ್ದಪ್ಪನಿಗೆ ಗೊತ್ತಿರಲಿಲ್ಲ. ಹಾಗೆ ನೋಡಿದರೆ ಹೆಂಡತಿಯ ಬೆಡಗು ಯಾವುದೆಂಬುದೂ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಅಂಥದ್ದೆಲ್ಲ ಅಕ್ಕನ ಖಾತೆ. ಅಕ್ಕನನ್ನು ಕೇಳಲು ಹೋಗದೆ ಅವನು ಮೈಮೇಲಿನ ವಲ್ಲಿಯನ್ನು ಸರಿಮಾಡಿಕೊಂಡು ಬರಿಗಾಲಲ್ಲಿ ನಡೆದ.

ಬೈಲು ಎಂದಿನ ಹಾಗೆ ಗಿಜಿಗುಟ್ಟುತ್ತಿತ್ತು. ಬದನೆ, ಮೆಂತ್ಯ, ಹಸಿ ಶೇಂಗಾ ಹರವಿಕೊಂಡ ಹಳ್ಳಿಯ ಹೆಂಗಸರು, ಅವರ ನಡುವೆ ಟಾಂಗಾದವರ ಕೂಗಾಟ. ಮನೆಯಲ್ಲಿ ಹೆಣ ಇಟ್ಟುಕೊಂಡು ಇನ್ನೊಬ್ಬರ ಅಂಗಡಿಯ ಹೊಸ್ತಿಲು ತುಳಿಯಬಾರದೆಂದು ಶಿದ್ದಪ್ಪ ಮುರಿಗೆಪ್ಪನ ಅಂಗಡಿಯ ಕೆಳಗೆ, ರಸ್ತೆಯಲ್ಲೇ ನಿಂತ. ಬಿಳಿ ಗಾದಿಯ ಮೇಲೆ ಗಿರಾಕಿಗಳ ಮುಂದೆ ಸೀರೆ ಬಿಚ್ಚುತ್ತಿದ್ದ ಮುರಿಗೆಪ್ಪ ಅವನ ಬರಿಗಾಲು ನೋಡಿದ, ಮುಖ ನೋಡಿದ. ಸೀರೆ ಅಲ್ಲಿಯೇ ಬಿಟ್ಟು ಕೆಳಗಿಳಿದು ಬಂದ.

ಸುದ್ದಿ ಕೇಳಿ, ಎಂದಿಗೂ ಒಂದು ರೇಟು ಹೇಳಿ ಇನ್ನೊಂದಕ್ಕೆ ಇಳಿಯದ ಬಿಗಿ ಮನುಷ್ಯ ಎಂದು ಹೆಸರಾದವನ ತುಟಿ ಅದುರಿತು. ಆಮೇಲೆ ಗಿರಾಕಿಗಳಿಗೆ ಕೈಮುಗಿದು ಏಳಿಸಿದ, ಆಳಿಗೆ ಬಾಗಿಲು ಹಾಕಲು ಹೇಳಿದ. ಶಿದ್ದಪ್ಪ ಸೀರೆಯ ಮಾತನ್ನು ಹೇಗೆ ಎತ್ತುವುದೆಂದು ತಿಳಿಯದೆ, ತಾನು ಕೊಳ್ಳಲು ಬಂದಿದ್ದೇನೆ ಎಂದು ತೊದಲಿದ.

“ನಮ್ಮ ತಂಗಿ ಕಡೀ ಸೀರಿ ನೀವು ಕೊಳ್ಳೂದೇನ್ರಿ ಬೀಗರ?” ಎಂದ ಮುರಿಗೆಪ್ಪ. “ಮನಿಗೆ ನಡೀರಿ. ನಾವು ಹೆಣ್ಣುಮಕ್ಕಳನ್ನ ಕರಕೊಂಡು ಸೀರಿ ತರತೇವಿ.”

ಶಿದ್ದಪ್ಪ ಹಿಂತಿರುಗಿದ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಇಂಥ ದಿನ ಸಮಾಧಾನವಾಗುವುದು ಸರಿಯೋ ತಪ್ಪೋ ಎಂದು ಯೋಚಿಸುತ್ತ ಅವನು ಜನರ ನಡುವೆ ದಾರಿ ಮಾಡಿಕೊಂಡು ಬಂದ.

* * *

ಹೆಂಡತಿಯ ಜೊತೆ ಅವನು ಬಾಜಾರಕ್ಕೆಂದು ಬಂದದ್ದು ಒಂದೇ ಸಲ. ಅವನು ದುಡಿಯುತ್ತಿದ್ದ ಹತ್ತಿಯ ಗಿರಣಿಯಲ್ಲಿ ಬಾಯ್ಲರು ಕೆಟ್ಟು ರಜೆ ಸಿಕ್ಕ ದಿನ ಅದು. ಮನೆಯಲ್ಲಿ ಕುಳಿತು ಅವಳ ಕೆಲಸಕ್ಕೆಲ್ಲ ತಪ್ಪು ಹುಡುಕುತ್ತಿದ್ದವನನ್ನು ಅವಳೇ ಚೀಲ ಕೊಟ್ಟು ಎಬ್ಬಿಸಿ ಕರೆದುಕೊಂಡು ಬಂದಿದ್ದಳು.

ಶಿದ್ದಪ್ಪನ ಲೆಕ್ಕದಲ್ಲಿ ಬಾಜಾರ ಎಂದರೆ ಬೇಕಾದ ಅಂಗಡಿಗೆ ಹೋಗುವುದು, ಕೊಳ್ಳುವುದು, ಬರುವುದು. ಶಿವಬಸವ್ವ ಮೊದಲು ಇಡೀ ಬೈಲನ್ನು ಬರೀ ನೋಡುತ್ತ ಒಂದು ಸುತ್ತು ಬಂದಳು. ಎರಡನೆಯ ಸುತ್ತಿನಲ್ಲಿ ರೇಟು ಕೇಳಿದಳು. ಮೂರನೆಯದಕ್ಕೆ ಹೊರಡುವ ಹೊತ್ತಿಗೆ ಶಿದ್ದಪ್ಪನ ಕಾಲು ಸೋತಿದ್ದವು. ಮುರಿಗೆಪ್ಪನ ಅಂಗಡಿಯಲ್ಲಿ ಒಂದು ರಾಶಿ ಸೀರೆ ಬಿಚ್ಚಿಸಿದಳು. ಪ್ರತಿಯೊಂದರ ಅಂಚು ಮುಟ್ಟಿ ಹೊಗಳಿ, ಒಂದನ್ನೂ ಕೊಳ್ಳದೆ ಎದ್ದಳು. ಮುರಿಗೆಪ್ಪ ಸಿಟ್ಟಾಗುವ ಬದಲು ಅಡಿಕೆಲೆ ಕೊಟ್ಟು ಕಳಿಸಿದ. ಕಿರಾಣಿ ಅಂದಾನೆಪ್ಪನ ಅಂಗಡಿಯಲ್ಲಿ ಬೆಲ್ಲದ ಪೆಂಟೆಯನ್ನು ತಾನೇ ಚೂರು ಮುರಿದು ಬಾಯಿಗೆ ಹಾಕಿಕೊಂಡಳು, ಗಂಡನ ಕೈಗೂ ಒಂದು ಚೂರು ಇಟ್ಟಳು. ಬಳೆಯ ಅಬೀದಾಳ ಮುಂದೆ ಕುಳಿತಾಗಲಂತೂ ಇವರಿಬ್ಬರ ಮಾತು ಇಂದಿಗೆ ಮುಗಿಯುವುದಿಲ್ಲ ಎಂದೇ ಅವನು ತೀರ್ಮಾನಿಸಿದ್ದ.

ಹಸಿವಾಯಿತೆಂದು ಗೊಣಗಿದಾಗ ಅವಳು ಅವನನ್ನು ಫಕ್ಕೀರಪ್ಪನ ಭಜಿ ಅಂಗಡಿಯ ಹಿಂಬದಿಗೆ ಕರೆದುಕೊಂಡು ಹೋದಳು. ಗೋಣಿತಾಟಿನ ಮರೆಯಲ್ಲಿ ಒಂದು ಹಲಗೆ ಇತ್ತು, ಹೆಣ್ಣುಮಕ್ಕಳು ಬಂದರೆ ಕೂರಲಿಕ್ಕೆ. ಕೇಳದೆಯೇ ಚುರುಮುರಿ ಬಂತು, ಹೆಚ್ಚಿದ ಉಳ್ಳಾಗಡ್ಡಿ ಬಂತು, ಬಾಣಲೆಯಿಂದ ನೇರ ಮೆಣಸಿನಕಾಯಿ ಭಜಿ ಬಂತು. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಮೂಲೆಯಲ್ಲಿ ಕುಳಿತು ಎರಡನೆಯ ರೊಟ್ಟಿಗೇ ಸಾಕೆನ್ನುವ ಹೆಂಗಸು ಅಲ್ಲಿ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ, ಮೂಗು ಒರೆಸಿಕೊಳ್ಳುತ್ತ, ಇನ್ನೊಂದು ಹಾಕರಿ ಎಂದು ಕೇಳಿ ಹಾಕಿಸಿಕೊಂಡು ತಿಂದಳು. ಸರಿಯಾಗಿ ಕರಿದಿಲ್ಲ ಎಂದು ಫಕ್ಕೀರಪ್ಪನನ್ನು ಬೈದಳು. ಅವನು ನಗುತ್ತ ಬೈಸಿಕೊಂಡ. ಕಾಲು ಚಾಚಿ ಕುಳಿತು ಚಹಾ ಕುಡಿಯುತ್ತಿದ್ದ ಅವಳು ಶಿದ್ದಪ್ಪನಿಗೆ ಆ ಹೊತ್ತು ತನ್ನ ಹೆಂಡತಿಯಾಗಿ ಕಾಣಲಿಲ್ಲ, ಯಾರದೋ ಮನೆಯ ಮುದ್ದಿನ ಮಗಳಾಗಿ ಕಂಡಳು. ಅವನಿಗೆ ಅದು ತುಂಬ ಚೆನ್ನಾಗಿತ್ತು.

ಇವರೆಲ್ಲ ನಿನ್ನನ್ನು ತಂಗೆವ್ವ ತಂಗೆವ್ವ ಎಂದು ಯಾಕೆ ಕರೆಯುತ್ತಾರೆ ಎಂದು ಅವನು ಕೇಳಿದ್ದ. ಬಾಜಾರದವರು ಎಲ್ಲರನ್ನೂ ಹಾಗೇ ಕರೆಯುತ್ತಾರೆ ಎಂದು ಅವಳು ಹೇಳಿದ್ದಳು. ಅವನು ನಂಬಿದ್ದ. ಸಂಜೆ ಮನೆಗೆ ಬಂದು ಚೀಲ ಬಿಚ್ಚಿದರೆ ಇಡೀ ದಿನ ತಿರುಗಿ ಕೊಂಡದ್ದು ಒಂದು ಕಸಬರಿಗೆ.

* * *

ಮಧ್ಯಾಹ್ನದ ಹೊತ್ತಿಗೆ ಮನೆಯ ಮುಂದೆ ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟಿ ಮುಗಿದಿತ್ತು. ಭಜನೆಯವರು ಬಂದು ಕುಳಿತಿದ್ದರು, ಕ್ರಿಯೆ ನಡೆಸಲು ಬಂದ ಅಯ್ಯನವರು ನಡುಮನೆಯಲ್ಲಿ ವಿಭೂತಿ ಪತ್ರಿ ಸಿದ್ಧ ಮಾಡುತ್ತಿದ್ದರು. ಶಿವಬಸವ್ವನಿಗೆ ಸದ್ಯಕ್ಕೆ ಒಂದು ಬಿಳಿ ಮಡಿವಸ್ತ್ರ ಹೊದಿಸಿದ್ದರು. ಸುದ್ದಿ ಕೇಳಿ ಬಂದ ಅಬೀದಾ ಪಕ್ಕದಲ್ಲಿ ಕುಳಿತು, ಬಿಗಿತ ಹಿಡಿದ ಆ ಕೈಯನ್ನು ತನ್ನ ಎರಡೂ ಅಂಗೈಯಲ್ಲಿ ಮೆಲ್ಲಗೆ ತಿಕ್ಕಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸುತ್ತಿದ್ದಳು. ಒಂದೂ ಒಡೆಯಲಿಲ್ಲ.

ಮುರಿಗೆಪ್ಪ ಹೆಂಡತಿಯೊಂದಿಗೆ ಬಂದ. ತಾಟಿನಲ್ಲಿ ಹಸಿರು ರೇಷ್ಮೆಯ ಸೀರೆ, ಕುಪ್ಪಸದ ಕಣ, ಅರಿಷಿಣ ಕುಂಕುಮ, ಕೊಬ್ಬರಿ ಬಟ್ಟಲು. ತವರಿನವರು ಬಂದರೆಂದು ಬಾಗಿಲಲ್ಲಿ ಹೆಂಗಸರು ಅಳುವನ್ನು ಜೋರು ಮಾಡಿದರು. ಸಾವಕ್ಕ ಮಾತ್ರ ಹುಬ್ಬು ಗಂಟು ಹಾಕಿದಳು. ಯಾವ ಬೆಡಗು ತಮ್ಮದು ಎಂದು ಅವಳು ನೇರವಾಗಿ ಕೇಳಿದಳು. ಬಾಳಿಯವರು ಎಂದ ಮುರಿಗೆಪ್ಪ. ನಮ್ಮ ತಂಗಿಯದೂ ಅದೇ ಅಲ್ಲವೇ ಎಂದು ತಿರುಗಿ ಕೇಳಿದ. ಸಾವಕ್ಕ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ತಾಟು ಕಾಣಿಸಿತು.

ಅದರ ಹಿಂದೆ ಇದ್ದವನು ಕಿರಾಣಿ ಅಂದಾನೆಪ್ಪ. ಅವನದು ಕಡುಗೆಂಪು ಸೀರೆ. ತಾವು ಗಂಧದ ಬೆಡಗಿನವರೆಂದೂ, ಸತ್ತವಳು ತನ್ನ ತಂದೆಯ ಕಾಲದಿಂದ ತಮ್ಮ ಮನೆಯ ಮಗಳೆಂದೂ, ಸುದ್ದಿ ಹೇಳಿ ಕಳಿಸದಿದ್ದದ್ದು ಬೇಸರವಾಯಿತೆಂದೂ ಅವನು ಕಣ್ಣೊರೆಸಿಕೊಳ್ಳುತ್ತ ಹೇಳಿದ. ಅವನ ಮಾತು ಮುಗಿಯುವ ಮುಂಚೆ ಫಕ್ಕೀರಪ್ಪ ಎಣ್ಣೆಯ ವಾಸನೆಯ ಅಂಗಿಯಲ್ಲೇ ಒಳಗೆ ಬಂದ. ಅವನ ಕೈಯಲ್ಲಿ ತಾಟಿರಲಿಲ್ಲ, ಕಾಗದದಲ್ಲಿ ಸುತ್ತಿದ ಹಳದಿ ನೂಲಿನ ಸೀರೆ ಇತ್ತು. ನಾವು ಸಜ್ಜಿಯವರು, ತಂಗೆವ್ವನ ಬೆಡಗಿನವರು ಎಂದು ಅವನು ಸಾವಕ್ಕನ ಕಾಲು ಮುಟ್ಟಲು ಬಗ್ಗಿದ.

ಮೂರು ಸೀರೆ, ಮೂರು ಬೆಡಗು, ಒಬ್ಬಳೇ ತಂಗಿ. ಮೂವರು ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮತ್ತೆ ಮೂವರೂ ಶಿದ್ದಪ್ಪನ ಕಡೆ ತಿರುಗಿದರು. ತವರಿಲ್ಲದವಳು ಎನ್ನಿಸಿಕೊಳ್ಳುವುದನ್ನು ತಪ್ಪಿಸಲು ಹೋಗಿ, ಸುಳ್ಳಿ ಎನ್ನಿಸಿಕೊಳ್ಳುವ ಹಾಗೆ ಮಾಡಿದೆನಲ್ಲ ಎಂದುಕೊಂಡ ಶಿದ್ದಪ್ಪ. ಗೋಡೆಗೆ ಒರಗಿ ಕೂತವಳು ಎದ್ದು ಉತ್ತರ ಕೊಡುವ ಹಾಗೂ ಇರಲಿಲ್ಲ.

ಕೊನೆಗೆ ಬಾಯಿ ಬಿಟ್ಟವಳು ಗುಡ್ಡವ್ವ. ಅವಳು ಅಳುತ್ತ ಹೇಳಿದ ಸಂಗತಿ ಇದು.

* * *

ಶಿವಬಸವ್ವ ಮದುವೆಯಾಗಿ ಬಂದ ಮೊದಲ ಪಂಚಮಿ. ಓಣಿಯ ಸೊಸೆಯಂದಿರನ್ನೆಲ್ಲ ಅಣ್ಣ ತಮ್ಮಂದಿರು ಬಂದು ಜೋಕಾಲಿ ಆಡಲು, ಉಂಡಿ ತಿನ್ನಲು ಕರೆದುಕೊಂಡು ಹೋಗಿದ್ದರು. ಉಳಿದವಳು ಇವಳೊಬ್ಬಳೇ. ಉಂಡಿ ಕಟ್ಟಲು ಬೆಲ್ಲ ತಾ ಎಂದು ಅತ್ತೆ ಕಳಿಸಿದಾಗ, ತವರು ಅದೇ ಊರಲ್ಲಿದ್ದ ಗುಡ್ಡವ್ವ ಜೊತೆಗೆ ಹೋಗಿದ್ದಳು. ಇಬ್ಬರೂ ಇನ್ನೂ ಸೀರೆ ನೆಟ್ಟಗೆ ಉಡಲು ಬಾರದ ವಯಸ್ಸಿನವರು.

ಅಂದಾನೆಪ್ಪನ ತಂದೆ ಆಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಮುದುಕ ಬೆಲ್ಲ ತೂಗುತ್ತ, ಏನವ್ವಾ, ಪಂಚಮಿಗೆ ತವರಿಗೆ ಹೋಗಲಿಲ್ಲವೇ ಎಂದು ಸುಮ್ಮನೆ ಕೇಳಿದ. ಎಲ್ಲರೂ ಪ್ಲೇಗಿನಲ್ಲಿ ಹೋದರು ಎಂದು ಹೇಳಿದ್ದರೆ ಆಗುತ್ತಿತ್ತು. ಆದರೆ ಅಂಗಡಿಯ ತುಂಬ ಜನ, ಹಬ್ಬದ ದಿನ, ಅವಳಿಗೆ ನಾಚಿಕೆಯಾಯಿತು. ಪಕ್ಕದ ಗಿರಾಕಿ ಆಗ ತಾನೇ, ಗಂಧದ ಬೆಡಗಿನ ಸಾಹುಕಾರರು ಹೀಗೆ ತೂಗಿದರೆ ಹೇಗೆ ಎಂದು ಮುದುಕನನ್ನು ಚೇಷ್ಟೆ ಮಾಡಿದ್ದ. ಅದು ಅವಳ ಕಿವಿಯಲ್ಲಿತ್ತು.

“ತವರಿಗೇ ಬಂದೇನಲ್ರಿ,” ಎಂದಳು ಹುಡುಗಿ. “ನಾನೂ ಗಂಧದವರ ಮಗಳು.”

ಮುದುಕ ತಕ್ಕಡಿ ಕೆಳಗಿಟ್ಟ. ಅವನಿಗೆ ಹೆಣ್ಣುಮಕ್ಕಳಿರಲಿಲ್ಲ. ಬೆಲ್ಲದ ಜೊತೆ ಕೊಬ್ಬರಿ, ಖಾರೀಕು, ಪುಠಾಣಿ ಎಲ್ಲ ಅವಳ ಉಡಿಗೆ ಸುರಿದು, ಪ್ರತಿ ವರ್ಷ ಬಾ ಎಂದು ತಲೆಯ ಮೇಲೆ ಕೈಯಿಟ್ಟು ಕಳಿಸಿದ. ದಾರಿಯುದ್ದಕ್ಕೂ ಅವಳು ಖಾರೀಕು ತಿನ್ನುತ್ತ ಬಂದಳು. ಸುಳ್ಳು ಹೇಳಿದೆಯಲ್ಲ ಎಂದು ಗುಡ್ಡವ್ವ ಹೆದರಿಸಿದರೆ, ಹೌದು, ಆದರೆ ಅವನಿಗೂ ಎಷ್ಟು ಖುಷಿಯಾಯಿತು ನೋಡು ಎಂದಳಂತೆ.

ಒಂದು ಸಲ ರುಚಿ ಹತ್ತಿದ ಮೇಲೆ ಅದು ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಯಾವ ಅಂಗಡಿಗೆ ಹೋಗುವುದಿದ್ದರೂ ಅವಳು ಮೊದಲು ಅಂಗಡಿಯವನ ಬೆಡಗನ್ನು ಹೊರಗೇ ಕೇಳಿ ತಿಳಿದುಕೊಳ್ಳುತ್ತಿದ್ದಳು. ತಂಗಿ ಎಂದ ಮೇಲೆ ರೇಟೂ ಇಳಿಯುತ್ತಿತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಶಿವಬಸವ್ವ ಅಷ್ಟೇನೂ ಹುಚ್ಚಿಯಲ್ಲ. ಆದರೆ ಅಂಗಡಿಯವರ ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಗಂಜಿ ಮಾಡಿ ಒಯ್ಯುತ್ತಿದ್ದವಳೂ ಅವಳೇ, ಮುರಿಗೆಪ್ಪನ ಮಗಳ ಬಾಣಂತನಕ್ಕೆ ಅಂಟಿನುಂಡಿ ಕಟ್ಟಿದವಳೂ ಅವಳೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವಳು ಒಂದೇ ಸುಳ್ಳು ಹೇಳಿ ಅರ್ಧ ಬಾಜಾರವನ್ನು ತವರು ಮಾಡಿಕೊಂಡಿದ್ದಳು.

* * *

ಗುಡ್ಡವ್ವ ಹೇಳಿ ಮುಗಿಸಿದಾಗ ಮುರಿಗೆಪ್ಪನ ಮುಖ ಕೆಂಪಾಗಿತ್ತು. ಅಷ್ಟು ವರ್ಷ ತನ್ನ ಗಾದಿಯ ಮೇಲೆ ಕುಳಿತು ಅಣ್ಣಾ ಎಂದು ಕರೆದದ್ದೆಲ್ಲ ಹಾಗಾದರೆ ವ್ಯಾಪಾರವೇ ಎಂದು ಅವನು ಕೇಳಿದ. ಸಿಟ್ಟಿಗಿಂತ ನೋವೇ ಅದರಲ್ಲಿ ಹೆಚ್ಚಿತ್ತು. ಅಂದಾನೆಪ್ಪ ತನ್ನ ತಾಟಿನ ಅಂಚನ್ನು ಹಿಡಿದುಕೊಂಡು ನಿಂತಿದ್ದ. ಇಡಬೇಕೋ ಒಯ್ಯಬೇಕೋ ಅವನಿಗೆ ತಿಳಿದಿರಲಿಲ್ಲ. ಫಕ್ಕೀರಪ್ಪ ಸೀರೆಯನ್ನು ಎದೆಗೆ ಅವುಚಿಕೊಂಡು ಬಾಗಿಲ ಹತ್ತಿರ ಸರಿದಿದ್ದ. ಮೂವರಲ್ಲಿ ಒಬ್ಬ ಹೊರಟರೂ ಉಳಿದಿಬ್ಬರು ನಿಲ್ಲುತ್ತಿರಲಿಲ್ಲ.

ಅಯ್ಯನವರು ನಡುವೆ ಬಂದರು. ಹೊತ್ತು ಮೀರುತ್ತಿದೆ, ತವರಿನವರ ಅಪ್ಪಣೆ ಇಲ್ಲದೆ ಎತ್ತುವ ಹಾಗಿಲ್ಲ, ಮೂರರಲ್ಲಿ ಒಂದಾದರೂ ನಿಜವಿರಬೇಕಲ್ಲ ಎಂದರು. ಮದುವೆಯ ಮಾತುಕತೆಯಲ್ಲಿ ಇದ್ದವಳು ಸಾವಕ್ಕ, ಅವಳನ್ನೇ ಕೇಳಿದರಾಯಿತು.

“ಸಾವಕ್ಕಾ, ಈಕಿ ಖರೇ ಬೆಡಗು ಯಾವುದು? ನಿಮ್ಮ ಬಾಯಿಂದ ಒಂದ ಮಾತು ಬರಲಿ.”

ಸಾವಕ್ಕನಿಗೆ ಗೊತ್ತಿತ್ತು. ಶಿವಬಸವ್ವ ಮೆಣಸಿನ ಬೆಡಗಿನವಳು, ಅಣ್ಣಿಗೇರಿಯಲ್ಲಿ ಆ ಬೆಡಗಿನ ದೀಪ ಹಚ್ಚುವವರೂ ಈಗ ಇಲ್ಲ. ಅವಳು ಗೋಡೆಗೆ ಒರಗಿ ಕುಳಿತವಳ ಮುಖ ನೋಡಿದಳು. ಗಂಡ ಸತ್ತ ವಾರದಲ್ಲೇ ಒಂದು ಗಂಟು ಹಿಡಿದುಕೊಂಡು ತಾನು ಈ ಬಾಗಿಲಿಗೆ ಬಂದದ್ದು ಅವಳಿಗೆ ನೆನಪಾಯಿತು. ತನಗೆ ಬಂದು ನಿಲ್ಲಲು ತವರೆಂಬುದೊಂದಿತ್ತು. ಇದೇ ಶಿವಬಸವ್ವ ಗಂಟನ್ನು ಕೈಯಿಂದ ಇಸಕೊಂಡು ಒಳಗಿಟ್ಟು, ಕಾಲಿಗೆ ನೀರು ಕೊಟ್ಟಿದ್ದಳು. ಎಷ್ಟು ದಿನ ಇರುತ್ತೀರಿ ಎಂದು ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಕೇಳಿರಲಿಲ್ಲ. ಇನ್ನೊಬ್ಬರ ಬೆಡಗನ್ನೆಲ್ಲ ಕಾಯ್ದುಕೊಂಡು ಬಂದ ತಾನು ಇವಳು ಪಂಚಮಿಗೆ ಎಲ್ಲಿಗೆ ಹೋಗುತ್ತಾಳೆ ಎಂದು ವಿಚಾರಿಸಿರಲಿಲ್ಲ. ಸಾವಕ್ಕನಿಗೆ ಆ ಕ್ಷಣ ತನ್ನ ಬಗ್ಗೆಯೇ ನಾಚಿಕೆಯಾಯಿತು.

“ನೆನಪು ಹಾರೈತ್ರಿ ಅಯ್ಯನವರ,” ಎಂದಳು. “ಎಷ್ಟು ತಿಣಿಕಿದ್ರೂ ಬರವಲ್ದು.”

ಹೆಂಗಸರು ತಲೆಯೆತ್ತಿ ನೋಡಿದರು. ಸಾವಕ್ಕ ಒಂದು ಬೆಡಗನ್ನು ಮರೆತಳೆಂದರೆ ಆ ಓಣಿಯಲ್ಲಿ ಯಾವ ಕೂಸೂ ನಂಬುತ್ತಿರಲಿಲ್ಲ. ಅವಳು ಯಾರ ಕಣ್ಣಿಗೂ ಕಣ್ಣು ಕೊಡದೆ, ಶಿವಬಸವ್ವನ ಕೊರಳ ಹತ್ತಿರ ಸರಿದಿದ್ದ ಮಡಿವಸ್ತ್ರವನ್ನು ನೆಟ್ಟಗೆ ಮಾಡುತ್ತಿದ್ದಳು.

ದಿನವಿಡೀ ಸುಳ್ಳು ಕೇಳುವುದೇ ಕಸುಬಾದ ಮುರಿಗೆಪ್ಪನಿಗೆ ಅದು ತಿಳಿಯದೆ ಹೋಗಲಿಲ್ಲ. ಅವನು ಸಾವಕ್ಕನನ್ನು ನೋಡಿದ, ಸತ್ತವಳನ್ನು ನೋಡಿದ. ಜೀವಮಾನದಲ್ಲಿ ತನಗೆ ಟೋಪಿ ಹಾಕಿದವಳು ಇವಳೊಬ್ಬಳೇ ಎಂದು ಹೇಳಿ ಕಣ್ಣೊರೆಸಿಕೊಂಡ. ನೆನಪಿಲ್ಲದಿದ್ದರೆ ಬಾಳಿಯವರೇ ಇರಬೇಕು ಎಂದು ತನ್ನ ತಾಟನ್ನು ಅವಳ ಮುಂದೆ ಇಟ್ಟ. ಗಂಧದವರೂ ಇರಬಹುದಲ್ಲ ಎಂದು ಅಂದಾನೆಪ್ಪ ಅದರ ಪಕ್ಕದಲ್ಲೇ ತನ್ನದನ್ನು ಇಟ್ಟ. ಯಾರ ಸೀರೆ ಉಡಿಸುವುದು ಎಂದು ಅಲ್ಲೇ ಒಂದು ಚೌಕಾಶಿ ಸುರುವಾಯಿತು. ನೀನು ಬಿಟ್ಟುಕೊಡು ಎಂದು ಇವನು, ನೀನೇ ಬಿಡು ಎಂದು ಅವನು. ಫಕ್ಕೀರಪ್ಪ ಮಾತ್ರ, ತನ್ನದು ಬರೀ ನೂಲಿನ ಸೀರೆ, ಯಾವ ಮೂಲೆಗೆ ಬೇಕಾದರೂ ಹಾಕಿ, ವಾಪಸು ಒಯ್ಯಲಾರೆ ಎಂದ.

ತೀರ್ಪು ಕೊಟ್ಟವಳು ಸಾವಕ್ಕ. ಹಸಿರನ್ನು ಉಡಿಸಲಾಯಿತು, ಕೆಂಪನ್ನು ಹೆಗಲ ಮೇಲಿಂದ ಹೊದಿಸಲಾಯಿತು. ಹಳದಿಯನ್ನು ಉದ್ದಕ್ಕೆ ಬಿಚ್ಚಿ ವಿಮಾನದ ಮೇಲೆ ನೆರಳಿಗೆಂದು ಚಪ್ಪರ ಕಟ್ಟಿದರು.

ಇನ್ನು ಉಳಿದದ್ದು ಅಪ್ಪಣೆ. ತವರಿನ ಹಿರಿಯರು ಗಂಡನನ್ನು ಒಂದು ಮಾತು ಕೇಳಬೇಕು, ಗಂಡ ಏನೂ ಕೊರತೆ ಮಾಡಲಿಲ್ಲ ಎನ್ನಬೇಕು, ಅದು ವಾಡಿಕೆ. ಮುರಿಗೆಪ್ಪ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಶಿದ್ದಪ್ಪನ ಎದುರು ನಿಂತ.

“ನಮ್ಮ ಹುಡುಗಿಗೆ ಈ ಮನ್ಯಾಗ ಏನರ ಕೊರತಿ ಇತ್ತೇನ್ರಿ?”

ಶಿದ್ದಪ್ಪ ಬಾಯಿಗೆ ಬಂದ ವಾಡಿಕೆಯ ಉತ್ತರವನ್ನು ಆಡಲಾರದೆ ಹೋದ.

“ಒಂದಿತ್ರಿ,” ಎಂದ. “ಅದನ್ನ ಆಕಿ ನಿಮ್ಮ ಕಡೆ ಬಂದು ತುಂಬಿಕೊಂಡ್ಲು.”

ಮೂವರೂ ತಲೆ ತಗ್ಗಿಸಿದರು. ಆಮೇಲೆ ಮುರಿಗೆಪ್ಪ, ಎತ್ತರಿ ಎಂದ. ಅಂದಾನೆಪ್ಪನೂ ಎತ್ತರಿ ಎಂದ. ಬಾಗಿಲಲ್ಲಿದ್ದ ಫಕ್ಕೀರಪ್ಪನೂ ಅದನ್ನೇ ಹೇಳಿದ.

ಓಣಿಯ ಬಾಯಿಗೆ ಬಂದಾಗ ರುದ್ರಭೂಮಿಯ ದಾರಿ ಬಲಕ್ಕೆ ಇತ್ತು. ಮುಂದಿನ ಬಿದಿರಿಗೆ ಹೆಗಲು ಕೊಟ್ಟ ಮುರಿಗೆಪ್ಪ ಮತ್ತು ಅಂದಾನೆಪ್ಪ ಯಾರನ್ನೂ ಕೇಳದೆ ಎಡಕ್ಕೆ, ಬೈಲಿನ ಕಡೆಗೆ ತಿರುಗಿದರು. ಅಯ್ಯನವರು ಒಮ್ಮೆ ಬಲಕ್ಕೆ ನೋಡಿ, ಅವರ ಹಿಂದೆಯೇ ನಡೆದರು. ಬಾಜಾರದಲ್ಲಿ ತಕ್ಕಡಿಗಳು ನಿಂತವು, ಬುಟ್ಟಿಯವರು ಬುಟ್ಟಿ ಸರಿಸಿ ದಾರಿ ಬಿಟ್ಟರು. ಹೊತ್ತವರು ಅಭ್ಯಾಸದಂತೆ ಜೋರಾಗಿ ಹೆಜ್ಜೆ ಹಾಕುತ್ತಿದ್ದರು. ಹಿಂದಿನಿಂದ ಶಿದ್ದಪ್ಪ ಕೂಗಿ ಹೇಳಿದ.

“ಸಾವಕಾಶ ನಡೀರಿ. ಬಾಜಾರದಾಗ ಆಕಿಗೆ ಅವಸರ ಸೇರೂದಿಲ್ಲ.”

ಹೆಜ್ಜೆಗಳು ಸಣ್ಣವಾದವು, ಭಜನೆಯವರು ತಾಳ ತಗ್ಗಿಸಿದರು. ಹಳದಿ ಚಪ್ಪರದ ಕೆಳಗೆ ಕುಳಿತ ಶಿವಬಸವ್ವ ಎರಡೂ ಬದಿಯ ಅಂಗಡಿಗಳ ನಡುವೆ ತೂಗುತ್ತ ಹೋದಳು. ಅತ್ತ ರುದ್ರಭೂಮಿಯಲ್ಲಿ ಕುಣಿ ತೋಡಿ ಮುಗಿಸಿದವರು ದಿಬ್ಬದ ಮೇಲೆ ನಿಂತು ದಾರಿ ನೋಡುತ್ತಿದ್ದರು. ಹೊತ್ತು ಇಳಿಯುತ್ತ ಬಂದಿತ್ತು, ತಾಳದ ಸಪ್ಪಳ ಇನ್ನೂ ಬಾಜಾರದ ಕಡೆಯಿಂದಲೇ ಬರುತ್ತಿತ್ತು.